ಮೊದಲ ಸಭೆಯ ನಡಾವಳಿ

ಥೆಸಲೊನಿಕಿ. ಬೀಗ ರಿಪೇರಿಯವನ ಅಂಗಡಿ, ರಾತ್ರಿ ಒಂಬತ್ತು.
ಹೊರಗೆ ವರ್ದಾರಿಸ್ ಗಾಳಿ ಶಟರು ಗುದ್ದುತ್ತಿದೆ.
ಒಳಗೆ ಹನ್ನೊಂದು ಮಂದಿ, ಏಳು ಕುರ್ಚಿ.

ಒಬ್ಬರಿಗೊಬ್ಬರು ಹೆಸರಷ್ಟೇ ಗೊತ್ತು,
ಅದೂ ಸುದ್ದಿಯ ಬಾಲದಲ್ಲಿ, ಸಣ್ಣಕ್ಷರದಲ್ಲಿ.
ಸ್ಟ್ರಾಟೋಸ್ ಫೋಟೊದವನು. ಕಲ್ಲಿರೋಯಿ
ಪರದೇಶದ ಸಿನಿಮಾಕ್ಕೆ ಅಡಿಬರಹ ಬರೆಯುವವಳು:
ಪಾತ್ರ ಸುಮ್ಮನೆ ಅತ್ತರೆ ದುಡ್ಡಿಲ್ಲ, ಮಾತಾಡಬೇಕು.

ಎವಾಂಥಿಯಾ ಚೀಟಿ ಹಂಚಿದಳು.
"ಹೆಸರು ಬೇಡ. ಆ ಕಂಪನಿ ನಿಮಗೆಷ್ಟು ಕೊಡುತ್ತದೆ, ಬರೆಯಿರಿ."
ಪೆನ್ನು ಸರಿಯಲಿಲ್ಲ.
ದರ ಹೇಳುವುದೆಂದರೆ
ಹರಿದ ಒಳಂಗಿ ಬೀದಿಗೆ ಒಣಹಾಕಿದ ಹಾಗೆ.

ಕೊನೆಗೆ ಬೀಗದವನ ತಗಡಿನ ಡಬ್ಬಿಯಿಂದ
ಒಂದೊಂದೇ ತೆಗೆದು ಓದಿದಳು:
ನಲವತ್ತು. ಇಪ್ಪತ್ತೆರಡು. ಮೂವತ್ತೈದು.
ಇಪ್ಪತ್ತು, ಅದೂ ಮಾರ್ಚಿನಿಂದ ಬಾಕಿ.
"ಯಾರಿಗೂ ಹೇಳಬೇಡಿ, ನಿಮಗೆ ಮಾತ್ರ ಈ ದರ"
ಎಂದಿದ್ದರಂತೆ,
ಹನ್ನೊಂದು ಮಂದಿಗೂ.

ಯಾರೋ ನಕ್ಕರು. ಸ್ಟ್ರಾಟೋಸ್ ನಗಲಿಲ್ಲ.
ನಲವತ್ತು ಅವನದು. ನೆಲ ನೋಡುತ್ತ ನಿಂತಿದ್ದ.
ಕಲ್ಲಿರೋಯಿ ಸರಿದು ಅರ್ಧ ಕುರ್ಚಿ ಬಿಟ್ಟಳು.

ಸಂಘದ ಹೆಸರಿಗೆ ಜಗಳವಾಯಿತು, ಮುಂದಿನ ವಾರಕ್ಕೆ ಹೋಯಿತು.
ಚಂದಾ ತಿಂಗಳಿಗೆ ಎರಡು ಯೂರೊ. ಮೂವರು ಸಾಲ ಹೇಳಿದರು.

ಬರೆದುಕೊಳ್ಳಲು ನನ್ನನ್ನು ಕೂರಿಸಿದ್ದರು.
ಅಭ್ಯಾಸಬಲ, ಪದ ಎಣಿಸಿದೆ.
ಬಿಲ್ಲು ಯಾರ ಹೆಸರಿಗೆ ಎಂದು ತಲೆಯೆತ್ತಿದರೆ
ಹತ್ತು ಮುಖ.