ಹೆಂಚಿನಮನೆ

ಈ ವರ್ಷ ಇತಿಹಾಸ ತಗೊಂಡವರು ನಾಲ್ಕೇ ಜನ.
ಪ್ರಿನ್ಸಿಪಾಲರು ಫೈಲಿನ ದಾರ ಬಿಗಿಯುತ್ತ ಅಂದರು:
"ಉಪಯೋಗ ಏನು ಅಂತ ಒಂದು ಪುಟ ಬರೆದುಕೊಡಿ,
ಮೇಲೆ ಕಳಿಸಬೇಕು."
ಮೂರು ದಿನ ಹಾಳೆಯ ಮೇಲೆ
ತಾರೀಖೊಂದನ್ನು ಬಿಟ್ಟು ಏನೂ ಇಳಿಯಲಿಲ್ಲ.

ನಾಲ್ಕನೆಯ ದಿನ ಬಂಗಡೆಗೆಂದು ಬೈತಕೋಲಕ್ಕೆ ಹೋದೆ.
ದಕ್ಕೆಯ ಮೇಲೆ ಪುಂಡಲೀಕ ತಾಂಡೇಲ
ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಕೂತಿದ್ದ.
ಎಮ್ಮೆ ಹಾಯುವಷ್ಟು ದೊಡ್ಡ ತೂತು,
ಅದರ ಅಂಚಿಗೆ ಹೊಸ ನೀಲಿ ದಾರ.
"ಎಲ್ಲಿ ಹರಿಯಿತು?"
"ಹೆಂಚಿನಮನೆ ಮೇಲೆ. ಮೊಮ್ಮಗ ಗೊತ್ತಿಲ್ಲದೆ ಎಳೆದ.
ನಲವತ್ತು ಸಾವಿರ ಹೋಯ್ತು."

ಸಮುದ್ರದಲ್ಲಿ ಎಂಥ ಹೆಂಚಿನ ಮನೆ?
ಮೊಮ್ಮಗ ಸುದೇಶನ ಯಂತ್ರದಲ್ಲಿ
ನೀರೆಲ್ಲ ಒಂದೇ ನೀಲಿ.
ತಾಂಡೇಲ ಸೂಜಿ ನಿಲ್ಲಿಸದೆ ಹೇಳಿದ:
ಅವನ ಅಜ್ಜನ ಅಜ್ಜನ ಕಾಲಕ್ಕೆ
ಮಂಗಳೂರು ಹೆಂಚು ಹೇರಿಕೊಂಡು
ಮುಂಬೈಗೆ ಹೊರಟ ಪತೇಮಾರಿಯೊಂದು
ಅಲ್ಲಿ ತಳ ಕಂಡಿತಂತೆ.

"ದೇವಗಡದ ದೀಪ ಎಡಗೈಗೆ,
ಗುಡ್ಡದ ಹುಣಸೆಮರ ಕಾಳಿಯ ಬಾಯಿಗೆ ಬಂದು ನಿಂತರೆ
ಬಲೆ ಎತ್ತು."
ಇಷ್ಟು, ಅಜ್ಜ ಬಿಟ್ಟುಹೋದ ಆಸ್ತಿ.
ಹುಣಸೆ ಈಗಿಲ್ಲ. ಗುಡ್ಡವೂ ಅರ್ಧವೇ.
ಮಿಕ್ಕರ್ಧ ಹೆದ್ದಾರಿಯ ಅಡಿಗೆ ಮಣ್ಣಾಗಿ ಹೋಯಿತು.

ಹೋದ ತಿಂಗಳು ಇಬ್ಬರು ಬಂದಿದ್ದರಂತೆ,
ಮೊಬೈಲು ಎತ್ತಿ ಹಿಡಿದು:
ಮುಳುಗಿದ್ದು ನಮ್ಮವರ ಹಡಗೋ, ಅವರದೋ?
ಮುಳುಗಿಸಿದ್ದು ಯಾರು?
"ಹೆಂಚು ಅಂದೆ. ಅವರಿಗೆ ಸಾಲಲಿಲ್ಲ.
ತೋಪು ಬೇಕಿತ್ತು."

ಮನೆಗೆ ಕರೆದೊಯ್ದು ತೋರಿಸಿದ:
ಕೋಳಿಗೂಡಿನ ಬಾಯಿಗೆ ಆನಿಸಿಟ್ಟ ಒಂದು ಹೆಂಚು,
ಮೈತುಂಬ ಚಿಪ್ಪು.
ಮುದ್ರೆಯಲ್ಲಿ ಒಂದು, ಎಂಟು, ಇಷ್ಟು ಓದಬಹುದು;
ಮುಂದಿನ ಎರಡಂಕಿಯ ಮೇಲೆ
ಯಾವುದೋ ಹುಳ ಸಂಸಾರ ಹೂಡಿ ಎದ್ದುಹೋಗಿದೆ.
ಉಗುರಿನಿಂದ ಕೆರೆದೆ.
ನಾಚಿಕೆ ಬಿಟ್ಟು ಚಾಕು ಕೇಳಿದೆ.
"ಎರಡು ಅಂಕಿಗೆ ಇಷ್ಟು ಒದ್ದಾಡ್ತೀರಲ್ಲ ಮಾಸ್ತರೇ,
ಅದರಲ್ಲಿ ಜನ ಎಷ್ಟಿದ್ದರು ಅಂತ
ಕೇಳಲೇ ಇಲ್ಲ."

ಅವನಿಗೂ ಗೊತ್ತಿಲ್ಲ.
ಮಹಾಲಯದ ದಿನ ಮಾತ್ರ ಅವನ ಮನೆಯ ಬಾಳೆ ಎಲೆಯಲ್ಲಿ
ಒಂದು ಹಿಡಿ ಅನ್ನ ಹೆಚ್ಚು ಬೀಳುತ್ತದೆ,
ಹೆಂಚಿನಮನೆಯವರಿಗೆ.
ಸೊಸೆ ಶೇವಂತಿ ಹನ್ನೆರಡು ವರ್ಷ ತಿಳಿದಿದ್ದಳು,
ಯಾರೋ ದೂರದ ನೆಂಟರು,
ಅಡ್ಡಹೆಸರು ಹಾಗೆ.
ಈಗ ಗೊತ್ತಾದ ಮೇಲೂ
ಉಪ್ಪು ಸರಿಯಿದೆಯೇ ಅಂತ ನೋಡಿಯೇ ಬಡಿಸುತ್ತಾಳೆ.

ಹೊರಡುವಾಗ ತಾಂಡೇಲ ದನಿ ತಗ್ಗಿಸಿದ:
"ದೊಡ್ಡ ಗೊಬ್ರ ಇರೋದೂ ಅಲ್ಲೇ,
ಆ ಹೆಂಚಿನ ಸಂದಿಯಲ್ಲೇ.
ಬಲೆ ಒಯ್ಯಬಾರದು, ಅಷ್ಟೆ.
ಗಾಳ ಬಿಟ್ಟು ಕೂತಿರಬೇಕು."
ಬಂಗಡೆ ತರುವುದು ಮರೆತೇ ಹೋಯಿತು.

ಭಾನುವಾರ ನಾಲ್ವರನ್ನೂ ದೋಣಿ ಹತ್ತಿಸಿದೆ.
ಒಬ್ಬ ವಾಂತಿ ಮಾಡಿದ.
ಸುದೇಶ ಯಂತ್ರದ ಗುಂಡಿ ಒತ್ತಿ ಆ ಜಾಗಕ್ಕೆ ಗುರುತಿಟ್ಟ.
ಅದು ಹೆಸರು ಕೇಳಿತು,
ಎಂಟೇ ಅಕ್ಷರ ಹಿಡಿಯುತ್ತಂತೆ.
ಯಾವುದನ್ನು ಬಿಡಬೇಕೆಂದು ಜಗಳ ನಡೆದಿರುವಾಗ
ಚೆಂಡಿಯೆಯ ನಾಗವೇಣಿ
ದಡದ ಕಡೆ ತಿರುಗಿ ಕೇಳಿದಳು:
"ಆ ಹುಣಸೆಮರ ಎಲ್ಲಿತ್ತು ಸರ್?"

ನನಗೆ ಗೊತ್ತಿರಲಿಲ್ಲ.
ತಾಂಡೇಲ ಕೈ ಚಾಚಿದ.
ಉಳಿದ ಆರೂ ಜನ,
ವಾಂತಿ ಮಾಡಿದವನೂ ತಲೆಯೆತ್ತಿ,
ಹಣೆಗೆ ಅಂಗೈ ಮರೆ ಹಿಡಿದು
ಅವನ ಬೆರಳ ತುದಿಯಲ್ಲಿದ್ದ
ಬರಿ ಆಕಾಶವನ್ನು ನೋಡಿದೆವು.