ಬರಕೊಳ್ಳದ ಹೇಳಿಕೆ

ಹೆಸರು ಕೇಳಿದರು. ರಾಜೇಸಾಬ ಅಂದೆ.
ಅಪ್ಪನ ಹೆಸರು, ವಯಸ್ಸು, ಸೆಕ್ಟರ್ ನಂಬರ್.
ಕಸುಬು?
ಕೀಲಿ ರಿಪೇರಿ, ಛತ್ರಿ ರಿಪೇರಿ,
ಮಳಿ ಇಲ್ಲದ ವರ್ಷ ಬರೇ ಕೀಲಿ.
ಯಾರೂ ನಗಲಿಲ್ಲ.
ವಿಶೇಷ ತನಿಖೆ ಅಂದ್ರ ನಗೂದಿಲ್ಲ ಅಂತ ಅವತ್ತ ತಿಳೀತು.

ನವನಗರದ ಆ ಆಫೀಸಿನ್ಯಾಗ
ಹಸಿರು ಬಣ್ಣದ ಕಬ್ಬಿಣದ ಕಪಾಟು.
ಕೀಲಿಕೈ ಎಲ್ಲಿ ಅಂದ್ರ
ಗುಮಾಸ್ತ ಮ್ಯಾನೇಜರನ ಮಾರಿ ನೋಡಿದ,
ಮ್ಯಾನೇಜರ ಗಡಿಯಾರ ನೋಡಿದ,
ಗಡಿಯಾರ ನಿಂತಿತ್ತು.
‘ಒಡೀಬ್ಯಾಡ, ಬಿಚ್ಚು’ ಅಂದರು ದೊಡ್ಡ ಸಾಹೇಬರು.

ತಂತಿ ಹಾಕಿದೆ. ಕಿವಿ ಇಟ್ಟೆ.
ಒಳಗ ಮೂರನೇ ಪಟ್ಟಿಯ ಮ್ಯಾಲೆ ಒಂದು ಗೀರು
ತಂತಿಗೆ ಹತ್ತಿತು, ತಂತಿಯಿಂದ ಬೆರಳಿಗೆ,
ಬೆರಳಿನಿಂದ ಎಲ್ಲಿಗೋ.
ಕಪಾಟು ತೆರೀತು.
‘ಆ ಕಡೆ ಹೊಳ್ಳು’ ಅಂದರು. ಹೊಳ್ಳಿ ನಿಂತೆ.
ಗೋಡೆಗೆ ಮುಳುಗಡೆಯ ನಕಾಶೆ.
ನಮ್ಮ ಓಣಿ ನೀಲಿ ಬಣ್ಣದಾಗಿತ್ತು.
ಹಿಂದ ಏನೋ ಎಣಿಸೂ ಸಪ್ಪಳ:
ಕಾಗದಾನೋ, ರೊಕ್ಕಾನೋ,
ಬೆನ್ನಿಗೇನು ತಿಳೀತೈತಿ?

ಸಹಿ ಹಾಕು ಅಂದರು, ಹಾಕಿದೆ.
ಪಂಚನಾಮೆಯೊಳಗ ನಾನು ಸಾಕ್ಷಿ,
ಬೆನ್ನಿಲೆ ನೋಡಿದ ಸಾಕ್ಷಿ.

ಹದಿನಾಲ್ಕು ತಿಂಗಳು ಕಾರು ಬಂದವು, ಹೋದವು.
ಐಬಿಯ ಅಡಿಗಿಯವಗ ರೊಟ್ಟಿ ಬಡದು ರಟ್ಟಿ ಬಿತ್ತು.
ಕಡೀಕ ವರದಿ ಬಂತು:
ಸಾಕ್ಷ್ಯ ಸಾಲದು.
ಅವತ್ತ ಸಂಜಿಮುಂದ ಹಲಗಿ, ಗುಲಾಲು,
ಮಾಜಿಯವರ ಕೊಳ್ಳಾಗ ಕ್ರೇನಿನಿಂದ ಇಳಿಸಿದ ಹಾರ.

ಉತ್ತರವಿಲ್ಲದ ಪ್ರಶ್ನೆಗಳು ಅಂತ ಪೇಪರಿನವರು ಬರದರು.
ಚಾದ ಅಂಗಡಿ ಹುಡುಗ ಒಂದೊಂದ ಓದಿ ಹೇಳಿದ.
ನನ್ನ ಲೆಕ್ಕ ಆ ಪೇಪರಿನ್ಯಾಗ ಇರಲಿಲ್ಲ.

ಹಳೇ ಊರಾಗ ನಮ್ಮ ಓಣಿಗೆ ಬಾಗಿಲು ನಲವತ್ತೊಂದು.
ಅಷ್ಟಕ್ಕೂ ಕೀಲಿ ಕೂಡಿಸಿದಾವ ನಾನು.
ಹಿನ್ನೀರು ಹೊಸ್ತಿಲಕ್ಕ ಬಂದಾಗ
ಮಂದಿ ಕೀಲಿಕೈ ತಂದು ಕೊಟ್ಟರು, ಹಿತ್ತಾಳಿ ತೂಕಕ್ಕ.
ತೂಗಲಿಕ್ಕ ಕೈ ಬರಲಿಲ್ಲ, ಮೊಳಿಗೆ ಹಾಕಿದೆ.
ಇನ್ನೂ ಅದಾವ. ಗಾಳಿ ಬಿಟ್ಟರ ಮಾತಾಡತಾವ.
ಪರಿಹಾರದ ಪಟ್ಟಿಯೊಳಗ ಅದೇ ಓಣಿಗೆ
ತೊಂಬತ್ತೇಳು ಮನಿ.
ಉಳಿದ ಐವತ್ತಾರು ನೀರಾಗ ಹುಟ್ಟಿದವೇನು?
ಮೀನ ಕಟ್ಟಿದವೇನು ಗ್ವಾಡಿ?
ಅವಕ್ಕ ಕೀಲಿ ಯಾರು ಕೂಡಿಸಿದರು?

ಕೇಳಬೇಕಾದದ್ದು ಇದು ಅಂತ ನಾನ ಹೇಳಬಹುದಿತ್ತು.
ಆದರ ಒಂದು ಕೇಳಿದರ ಇನ್ನೊಂದು ಬರತೈತಿ:
ಪಟ್ಟಿ ಬದಲಾದ ರಾತ್ರಿ
ಕಪಾಟು ಒಡೆಯದ ಹೆಂಗ ತೆರೀತು?

ಒಬ್ಬ ಬಂದಿದ್ದ, ದೀಪ ಹಚ್ಚೂ ಹೊತ್ತು,
ಕೆಂಪು ಸಾಬೂನಿನ ಮ್ಯಾಲೆ ಅಚ್ಚು ಒತ್ತಿಕೊಂಡು.
ಸಾಬೂನು ತಂದವಗ ಕೀಲಿಕೈ ಮಾಡಬಾರದು,
ಅಪ್ಪ ಕಲಿಸಿದ ಮೊದಲನೇ ಮಾತು.
ಐದು ನೂರರ ನೋಟು ಅರದ ಪಕ್ಕ ಇಟ್ಟ.
ಯಾವ ಬಾಗಿಲಿಂದು ಅಂತ
ನಾನೂ ಕೇಳಲಿಲ್ಲ.
ಕೈ ನಡುಗಿ ಅರ ಜಾರಿತು,
ಮೂರನೇ ಹಲ್ಲಿಗೆ ಮುಳ್ಳು ಉಳೀತು.

ಹಂಗಂತ ಶಟರ್ ಅರ್ಧ ಎತ್ತಿ ಕುಂದರತೀನಿ,
ಒಂದಿನ ಜೀಪು ನಿಂತು
‘ರಾಜೇಸಾಬ, ಎರಡನೇ ಕೀಲಿಕೈ ಯಾರದು?’
ಅಂತ ಯಾರರೆ ಕೇಳಿದರ ಹೇಳೂಣಂತ.
ಬಂದವರು ಮುರದ ಛತ್ರಿ ಬಿಚ್ಚಿ ತೋರಸ್ತಾರ.

ಮನಿಗೆ ಕೆಂಪು ಸಾಬೂನು ತರೂದು ಬಿಟ್ಟೇನಿ.
ಯಾಕ ಅಂತ ನನ್ನ ಹೇಣ್ತಿ ಜೈತುನ್‌ಬಿ ಕೇಳಿದಳು,
ಒಮ್ಮೆ ಅಲ್ಲ, ಮೂರು ಸಲ.
ಆಕಿಗೆ ಇನ್ನೂ ಉತ್ತರ ಕೊಟ್ಟಿಲ್ಲ.