ಫಾಯಿದಾಳ ಚೂರು

ಲಾಮುವಿನವರಿಗೆ ನೂರು ಶಿಲಿಂಗು, ಹೊರಗಿನವರಿಗೆ ಐನೂರು.
ಇಲ್ಲಿಯವರೇನಮ್ಮಾ, ಅಂದ ಟಿಕೇಟಿನ ಹುಡುಗ.
ನಾಲ್ಕು ತಲೆಮಾರಿನಿಂದ, ಅಂದೆ.
ಈ ಮನೆಯವರೇ ಅಂತ ಕೇಳಲಿಲ್ಲ,
ಕೇಳಿದ್ದರೆ ಏನು ಹೇಳುತ್ತಿದ್ದೆನೋ.
ಚಪ್ಪಲಿ ಕಳಚಿ ಒಳಗೆ ಬಂದೆ.

ಹೊರಗೆ ಓಣಿಯಲ್ಲಿ ಕತ್ತೆಗಳ ಬೆನ್ನಿಗೆ ಸಿಮೆಂಟಿನ ಚೀಲ.
ಒಳಗೆ ತಂಪು. ಹವಳದ ಕಲ್ಲಿನ ಗೋಡೆ, ಗಟ್ಟಿ ಮೊಸರಿನಂಥ ಗಾರೆ,
ಗಾರೆಯ ತುಂಬ ಗೂಡು, ಗೂಡಿನ ಮೇಲೆ ಗೂಡು,
ಒಂದೊಂದರಲ್ಲೂ ಒಂದೊಂದು ಚೀನೀ ಬಟ್ಟಲು,
ಕಾವಿಗೆ ಕೂತ ಹಕ್ಕಿಯ ಹಾಗೆ, ಅಲುಗದೆ.

ಶೆಕೂವೆ, ನಮ್ಮ ಗೈಡು, ಇನ್ನೂ ಮೀಸೆ ಕೂಡದ ಪೋರ,
ಬೆತ್ತ ಎತ್ತಿ ಒಪ್ಪಿಸುತ್ತಾನೆ:
ಕ್ಯಾಂಟನ್ನಿನ ಹಡಗು, ಸೂರತ್ತಿನ ದಲ್ಲಾಳಿ, ಮಸ್ಕತ್ತಿನ ಬೀಗರು,
ಈಶಾನ್ಯದ ಗಾಳಿ ಹಿಡಿದು ಬಂದದ್ದು ಇವೆಲ್ಲ.
ವಿಷ ತಾಕಿದರೆ ಬಿರಿಯುತ್ತಿದ್ದವಂತೆ,
ಕೆಟ್ಟ ದೃಷ್ಟಿಯನ್ನು ತಾವೇ ಕುಡಿಯುತ್ತಿದ್ದವಂತೆ.

"ಇದರಲ್ಲಿ ಏನು ಬಡಿಸುತ್ತಿದ್ದರು?"
ಶಾಲೆಯ ಸಾಲಿನಿಂದ ಒಂದು ಹುಡುಗಿ.
ಏನೂ ಇಲ್ಲ. ನೋಡುವುದಕ್ಕೆ ಇಟ್ಟದ್ದು.
ಏನೂ ಬಡಿಸದ್ದನ್ನು ದಿನಾ ತೊಳೆದವರಾರು,
ಅದನ್ನವಳು ಕೇಳಲಿಲ್ಲ.

ನಮ್ಮ ಮುತ್ತಜ್ಜಿ.
ಹೆಸರು ಫಾಯಿದಾ. ಅಂದರೆ ಲಾಭ.
ಹಾಗೆ ಕರೆದದ್ದು ಹೆತ್ತವಳಲ್ಲ, ಕೊಂಡವನು.
ಹೆತ್ತವಳು ಏನೋ ಕರೆದಿದ್ದಳು;
ಅದು ನ್ಯಾಸಾ ಸರೋವರದ ಆಚೆ ದಡದಲ್ಲೇ ಉಳಿಯಿತು.

ರಮಜಾನಿನ ಮುನ್ನಾದಿನ, ಮಣೆಯ ಮೇಲೆ ಮಣೆ ಪೇರಿಸಿ ಹತ್ತಿದ್ದಳು,
ಬೂದಿನೀರಿನ ಕೈ.
ಮೂರು ದಿನ ಕೆಳಗಿನ ಕತ್ತಲ ಕೋಣೆ.
ಬೆನ್ನಿನ ವಿಚಾರ ಅಜ್ಜಿ ಯಾವತ್ತೂ ಹೇಳಲಿಲ್ಲ,
ಕಡೆಯ ಸ್ನಾನ ಮಾಡಿಸಿದವಳು ಅವಳೇ ಆದರೂ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಇರಬಹುದು. ಪಿಂಗಾಣಿ ಹಾಗಲ್ಲ.
ಒಂದು ಚೂರು ಅವಳ ಸೊಂಟದ ಗಂಟು ಸೇರಿತು.

ನಾಲ್ಕನೆಯ ಸಾಲಿನಲ್ಲಿ, ಎಡಕ್ಕೆ, ಇದೆ:
ಹಿತ್ತಾಳೆಯ ಐದು ಹೊಲಿಗೆ ಬಿದ್ದ ಬಟ್ಟಲು,
ಅಂಚಿನಲ್ಲಿ ಯಾರೋ ಕಚ್ಚಿದಂತೆ ಖಾಲಿ.
ಮಕ್ಕಳು ಮಾಳಿಗೆ ಹತ್ತಲಿ ಅಂತ ಕಾದು
ಶೆಕೂವೆ, ಒಂದು ನಿಮಿಷ, ಅಂದೆ.
ಪರ್ಸಿನೊಳಗೆ ದೋಣಿಯ ಚೀಟಿ, ಬಿ.ಪಿ. ಮಾತ್ರೆ, ಮೊಮ್ಮಗನ ಹಾಲುಹಲ್ಲು,
ಅದರಡಿ ಚೂರು. ನೀಲಿ ಮೀನು, ಬಾಲದ ಕಡೆ ಅರ್ಧ.

ಅವನು ಚೂರು ನೋಡಿದ, ಬಾಗಿಲು ನೋಡಿದ.
ಸಾಹೇಬರು ಚಹಾಕ್ಕೆ ಹೋಗಿದ್ದರು.
ಏಣಿ ತಂದ.

ಕೂಡಲಿಲ್ಲ.
ನೀಲಿ ಅದೇ, ಮೀನು ಅದೇ, ತಲೆ ಅಲ್ಲಿ, ಬಾಲ ನನ್ನ ಕೈಯಲ್ಲಿ,
ನಡುವೆ ಒಂದು ಬೆರಳಷ್ಟು ಬಯಲು.
ಚೂರಿನ ಅಂಚು ಸವೆದುಹೋಗಿತ್ತು.

ಸವೆಯದೆ ಇನ್ನೇನು.
ಫಾಯಿದಾ ಅದರಲ್ಲೇ ಮೀನಿನ ಹುರುಪೆ ಹೆರೆದಳು,
ಅಜ್ಜಿ ಹೆರೆದಳು, ಅಮ್ಮ ಹೆರೆದಳು,
ಮೊನ್ನೆ ಶುಕ್ರವಾರದ ತನಕ ನಾನು.
ಆ ಒಂದು ಬೆರಳು ನೂರು ವರ್ಷದ ಸಾರಿನಲ್ಲಿ,
ತೆಂಗಿನಹಾಲಿನಲ್ಲಿ, ಹುಣಿಸೆಯಲ್ಲಿ, ಯಾರ ಗಮನಕ್ಕೂ ಬಾರದೆ
ನಮ್ಮ ಹೊಟ್ಟೆಗೆ ಹೋಗಿದೆ.
ಗೂಡಿನ ಬಟ್ಟಲು ಒಂದು ಅಗುಳನ್ನೂ ಕಂಡಿಲ್ಲ.

"ಇಲ್ಲೇ ಬಿಡಿ ಅಮ್ಮ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಬರೆಯುತ್ತೇವೆ."
ಏನಂತ ಬರೀತೀಯಪ್ಪಾ?
"ನೀಲಿ-ಬಿಳಿ ಪಿಂಗಾಣಿ. ಚೂರು. ಉಪಯೋಗ..."
ಅಲ್ಲಿಗೆ ನಿಲ್ಲಿಸಿದ.
ನಾನು ಇಳಿಯುವಾಗ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ,
ಮಂಡಿನೋವು ನನ್ನದು ಅಂತ ಹೇಗೋ ಗೊತ್ತಾಗಿ.

ಹೊರಗೆ ಅಸರ್‌ನ ಕರೆ. ಬಂದರಿಗೆ ದೋಣಿ ಬಂದಿತ್ತು.
ಚಂಗು ಮೀನು, ಕಣ್ಣು ಇನ್ನೂ ತಿಳಿಯಾಗಿತ್ತು.
ತೂಗಿದ. ಹುರುಪೆ ತೆಗೆದು ಕೊಡಲೇ, ಅಂದ.
ಬೇಡ, ಅಂದೆ.